ಹೊಟ್ಟೆ ತಿರುಚಿದ ರಾತ್ರಿ: ಒಂದು ಗ್ರೇಟ್ ಡೇನ್ ನಾಯಿಯ ಪ್ರಕರಣ

ದನ ಸಾಕುವ ಊರಲ್ಲಿ 'ಹೊಟ್ಟೆ ಉಬ್ಬರ' ಅಂದರೆ ಎಲ್ಲರಿಗೂ ಗೊತ್ತು. ಎಳೆ ಹುಲ್ಲು ಮೇದ ಹಸು ಎಡ ಪಕ್ಕೆ ಉಬ್ಬಿಸಿಕೊಂಡು ನಿಂತರೆ ಕಡ್ಲೆಕಾಯಿ ಎಣ್ಣೆ ಕುಡಿಸುತ್ತಾರೆ, ಜೊಲ್ಲು ಸುರಿಯಲಿ ಅಂತ ಬಾಯಿಗೆ ಅಡ್ಡ ಕಡ್ಡಿ ಕಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪಶುವೈದ್ಯರು ಬಂದು ಟ್ರೋಕಾರ್, ಅಂದರೆ ಕೊಳವೆ ಇರುವ ದಪ್ಪ ಮೊನೆ, ಚುಚ್ಚಿ ಗಾಳಿ ಬಿಡುತ್ತಾರೆ. ಹಸುವಿಗೆ ಇದೆಲ್ಲ ಸರಿಯಾದ ಉಪಚಾರವೇ. ದೊಡ್ಡ ತಳಿಯ ನಾಯಿಗೆ ಜಠರ ತಿರುಚಿ ಹೊಟ್ಟೆ ಉಬ್ಬಿದಾಗಲೂ ಇದೇ ತಿಳಿವಳಿಕೆಯಿಂದ ಉಪಚಾರಕ್ಕೆ ಇಳಿದರೆ ಉಳಿಸಬಹುದಾಗಿದ್ದ ನಾಯಿ ಕೈತಪ್ಪಿ ಹೋಗುತ್ತದೆ. ಹಾಸನದಲ್ಲಿ ನಾಯಿಗಳಿಗೆ ಚಿಕಿತ್ಸೆ ಮಾಡುವ ನಾನು ಈ ಒಂದು ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ನಾಯಿ ಸಕಲೇಶಪುರದ ಕಡೆಯ ಕಾಫಿ ತೋಟದ್ದು. ಗ್ರೇಟ್ ಡೇನ್, ಗಂಡು, ಏಳು ವರ್ಷ ತುಂಬಿದೆ, ತೂಕ 56 ಕೆ.ಜಿ. ಹೆಸರು ರಾಜ. ಆಳೆತ್ತರ ಇದ್ದರೂ ಸ್ವಭಾವದಲ್ಲಿ ಪುಕ್ಕಲು, ಗುಡುಗು ಬಂದರೆ ಕಾರಿನ ಕೆಳಗೆ ಸೇರುವಂಥವನು. ಆವತ್ತು ದೀಪಾವಳಿ. ಮನೆ ತುಂಬ ನೆಂಟರು, ಅಂಗಳದಲ್ಲಿ ಪಟಾಕಿ. ಮಕ್ಕಳ ಮೇಲೆ ಹಾರಬಾರದು ಅಂತ ಅವನನ್ನು ಸಂಜೆಯಿಂದಲೇ ಗೂಡಿಗೆ ಹಾಕಿದ್ದರು. ದಿನಕ್ಕೆ ಒಂದೇ ಹೊತ್ತು ಊಟ ಹಾಕುವ ರೂಢಿ. ಕೋಳಿ ಕಾಲು, ತಲೆ ಹಾಕಿ ಬೇಯಿಸಿದ ಅನ್ನ, ದೊಡ್ಡ ಬೇಸಿನ್ ತುಂಬ. ಬೇಸಿನ್ ಇಡುವುದು ಎದೆಮಟ್ಟದ ಕಬ್ಬಿಣದ ಸ್ಟ್ಯಾಂಡ್ ಮೇಲೆ. ಕುತ್ತಿಗೆ ಬಗ್ಗಿಸದೆ ತಿಂದರೆ ಗಾಳಿ ಒಳಗೆ ಹೋಗುವುದಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ಅದನ್ನು ಮಾಡಿಸಿದ್ದರು. ಏಳು ಗಂಟೆಗೆ ಊಟ ಇಟ್ಟರು. ಅವನು ಎರಡು ನಿಮಿಷದಲ್ಲಿ ಬೇಸಿನ್ ಖಾಲಿ ಮಾಡಿ, ಪಟಾಕಿ ಸದ್ದಿಗೆ ಗೂಡಿನೊಳಗೆ ಗಿರಕಿ ಹೊಡೆಯುತ್ತಿದ್ದ ಅಂತ ಆಮೇಲೆ ಗೊತ್ತಾಯಿತು.

ಎಂಟೂಮುಕ್ಕಾಲಿನ ಹೊತ್ತಿಗೆ ತೋಟದ ಲೆಕ್ಕಪತ್ರ ನೋಡುವ ರೈಟ್ರು ಗಮನಿಸಿದ್ದಾರೆ. ನಾಯಿ ಕೂರುತ್ತದೆ, ಏಳುತ್ತದೆ, ಮತ್ತೆ ಕೂರುತ್ತದೆ. ಮಲಗಲು ಹೋಗಿ ಅರ್ಧಕ್ಕೇ ನಿಲ್ಲುತ್ತದೆ. ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿದೆ. ಆಮೇಲೆ ಓಕರಿಕೆ ಶುರುವಾಗಿದೆ. ಮನೆಯ ಅಜ್ಜಿ ಇಂಗು ಹಾಕಿದ ಮಜ್ಜಿಗೆ ಕೊಡಿಸಿದರು, ನಾಯಿ ನೆಕ್ಕಲಿಲ್ಲ. ಒಬ್ಬರು ಗ್ಯಾಸಿನ ಸಿರಪ್ ಹುಡುಕಿ ತಂದರು. ಅಷ್ಟರಲ್ಲಿ ರೈಟ್ರು ಅಡುಗೆಮನೆಯಿಂದ ಎಣ್ಣೆ, ಜೊತೆಗೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತಂದಿಟ್ಟುಕೊಂಡಿದ್ದರು. ಅದನ್ನು ಬಾಯಿಗೆ ಇಡುವ ಮೊದಲು ಮನೆಯೊಡತಿ ನನಗೆ ಫೋನ್ ಮಾಡಿದ್ದು ರಾಜನ ಪುಣ್ಯ.

"ಡಾಕ್ಟ್ರೇ, ಯಾರೋ ವಿಷ ಹಾಕ್ಬಿಟ್ಟಿದಾರೆ ಅನ್ಸುತ್ತೆ. ಬಾಯಲ್ಲಿ ನೊರೆ ಬರ್ತಿದೆ."

"ವಾಂತಿ ಆಯ್ತೇನಮ್ಮ? ತಿಂದಿದ್ದು ಹೊರಗೆ ಬಿತ್ತಾ?"

"ಇಲ್ಲ. ಓಕರಿಸ್ತಾನೇ ಇದಾನೆ, ಬಿಳಿ ನೊರೆ ಬಿಟ್ರೆ ಏನೂ ಬರ್ತಿಲ್ಲ."

ಈ ಒಂದು ಉತ್ತರದಲ್ಲೇ ಮುಕ್ಕಾಲು ಪಾಲು ರೋಗನಿರ್ಣಯ ಮುಗಿಯಿತು ಅನ್ನಬೇಕು. ತೋಟದಲ್ಲಿ ಬಳಸುವ ಕೀಟನಾಶಕ ಹೊಟ್ಟೆಗೆ ಹೋದ ನಾಯಿಯೂ ಜೊಲ್ಲು ಸುರಿಸುತ್ತದೆ. ಆದರೆ ಅದಕ್ಕೆ ನಿಜವಾದ ವಾಂತಿ ಆಗುತ್ತದೆ, ಭೇದಿ ಆಗುತ್ತದೆ, ಮೈಯ ಮಾಂಸಖಂಡ ಅದುರುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಹೊಟ್ಟೆ ತುಂಬ ತಿಂದ ದೊಡ್ಡ ನಾಯಿ ಮತ್ತೆ ಮತ್ತೆ ವಾಂತಿಗೆ ಯತ್ನಿಸಿಯೂ ಏನೂ ಹೊರಬರದಿದ್ದರೆ, ಒಳಗಿನ ದಾರಿ ಮುಚ್ಚಿದೆ ಎಂದೇ ಹಿಡಿಯಬೇಕು. ಹೊಟ್ಟೆ ಕಣ್ಣಿಗೆ ಕಾಣುವಷ್ಟು ಉಬ್ಬಲಿ ಅಂತ ಕಾಯುವ ಹಾಗಿಲ್ಲ. ಗ್ರೇಟ್ ಡೇನ್, ಡಾಬರ್‌ಮನ್, ಜರ್ಮನ್ ಶೆಫರ್ಡ್‌ಗಳಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ ಜಠರ ಪಕ್ಕೆಲುಬಿನ ಮರೆಯಲ್ಲೇ ಹಿಗ್ಗುತ್ತದೆ. ಹೊರಗಿನಿಂದ ಡುಬ್ಬಣ್ಣನಾಗಿ ಕಾಣುವ ಹೊತ್ತಿಗೆ ತುಂಬ ತಡವಾಗಿರಬಹುದು.

ಫೋನಿನಲ್ಲೇ ಇನ್ನೆರಡು ಪರೀಕ್ಷೆ ಮಾಡಿಸಿದೆ. ಮೇಲ್ದುಟಿ ಎತ್ತಿ ವಸಡಿನ ಬಣ್ಣ ನೋಡಿ ಅಂದೆ. "ಬೆಳ್ಳಗೆ, ಒಂಥರಾ ಬೂದಿ ಬಣ್ಣ" ಅಂದರು. ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿಂದ ಬಡಿದು ನೋಡಿ ಅಂದೆ. ಗಾಳಿ ತುಂಬಿದ ಟೊಳ್ಳು ಸದ್ದು ಫೋನಿನಲ್ಲಿ ನನಗೇ ಕೇಳಿಸಿತು. ಎಣ್ಣೆ ಬೇಡ, ಸಿರಪ್ ಬೇಡ, ನೀರೂ ಬೇಡ, ನಡೆಸಬೇಡಿ, ಹೊಟ್ಟೆ ಅಮುಕಬೇಡಿ, ಈಗಲೇ ಜೀಪಿಗೆ ಹಾಕಿ ಹೊರಡಿ ಅಂದೆ. ಎಣ್ಣೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಕೆಳಗಿಳಿಯಲು ದಾರಿಯೇ ಇಲ್ಲದ ಎಣ್ಣೆ, ಓಕರಿಸುತ್ತಿರುವ ನಾಯಿಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರು ಹೊರಟಾಗ ಹತ್ತು ಗಂಟೆ. ಹೆದ್ದಾರಿಗೆ ಬಂದ ಮೇಲೆ ಹಾಸನ ಸುಮಾರು 40 ಕಿ.ಮೀ., ಅದಕ್ಕೂ ಮೊದಲು ತೋಟದ ಮಣ್ಣುರಸ್ತೆ. ಅಷ್ಟರಲ್ಲಿ ನಾನು ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಸಹೋದ್ಯೋಗಿಯನ್ನು ಹಬ್ಬದ ಊಟದಿಂದ ಎಬ್ಬಿಸಿ ಕರೆಸಿಕೊಂಡೆ.

ಒಳಗೆ ಏನಾಗಿರುತ್ತದೆ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಹಸುವಿನ ಉಬ್ಬರದಲ್ಲಿ ಗಾಳಿ ಹುಟ್ಟುವುದು ರೂಮೆನ್ ಅನ್ನುವ ಮೊದಲ ದೊಡ್ಡ ಹೊಟ್ಟೆಯಲ್ಲಿ, ಮೇವು ಹುದುಗುವಾಗ. ನೊರೆಯಲ್ಲಿ ಸಿಕ್ಕಿಕೊಂಡ ಆ ಗಾಳಿಯನ್ನು ಎಣ್ಣೆ ಒಡೆದು ಬಿಡಿಸುತ್ತದೆ. ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ. ನಾಯಿಯಲ್ಲಿ ಹಾಗಲ್ಲ. ಗಾಳಿ, ಆಹಾರ ತುಂಬಿ ಹಿಗ್ಗಿದ ಜಠರ ತನ್ನ ಅಕ್ಷದ ಮೇಲೆ ಹೊರಳುತ್ತದೆ, ಅದೂ ಹೆಚ್ಚಾಗಿ ಅರ್ಧ ಸುತ್ತಿನಿಂದ ಮುಕ್ಕಾಲು ಸುತ್ತು. ಕಾಫಿ ಮೂಟೆಯ ಎರಡೂ ತುದಿ ಹಿಡಿದು ತಿರುಚಿದಂತೆ ಮೇಲೆ ಅನ್ನನಾಳದ ಬಾಯಿ, ಕೆಳಗೆ ಕರುಳಿಗೆ ಹೋಗುವ ಬಾಯಿ ಎರಡೂ ಬಿಗಿಯುತ್ತವೆ. ತೇಗಿಲ್ಲ, ವಾಂತಿ ಇಲ್ಲ, ಕೆಳಗೂ ಇಳಿಯುವುದಿಲ್ಲ. ಜಠರಕ್ಕೆ ಅಂಟಿಕೊಂಡ ಗುಲ್ಮವೂ (ಸ್ಪ್ಲೀನ್) ಜೊತೆಗೆ ಎಳೆದುಕೊಂಡು ತಿರುಗುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಹರಿಯಬಹುದು.

ನಾಯಿ ಸಾಯುವುದು ನೋವಿನಿಂದಲ್ಲ, ರಕ್ತಸಂಚಾರ ಕುಸಿದು. ಹಿಗ್ಗಿದ ಜಠರ ಬೆನ್ನಿಗೆ ಹೊಂದಿಕೊಂಡಿರುವ ದೊಡ್ಡ ಅಭಿಧಮನಿಯನ್ನು ಅದುಮಿ ಹಿಡಿಯುತ್ತದೆ. ಹಿಂಭಾಗದ ರಕ್ತ ಹೃದಯಕ್ಕೆ ವಾಪಸು ಬರುವುದೇ ಇಲ್ಲ. ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆ ಮುಂದಕ್ಕೆ ತಳ್ಳಲ್ಪಟ್ಟು ಉಸಿರಾಟ ಗಿಡ್ಡವಾಗುತ್ತದೆ. ಜಠರದ ಗೋಡೆಗೇ ರಕ್ತ ಇಲ್ಲದೆ ಅದು ಕೊಳೆಯಲು ತೊಡಗುತ್ತದೆ. ಇಷ್ಟೆಲ್ಲ ಆಗಲು ಕೆಲವೇ ಗಂಟೆ ಸಾಕು.

ಹನ್ನೊಂದೂಕಾಲಿಗೆ ಜೀಪು ಬಂತು. ರಾಜ ನಡೆದು ಇಳಿಯಲಿಲ್ಲ, ಕಂಬಳಿಯಲ್ಲಿ ಎತ್ತಿ ತಂದರು. ಹೃದಯ ಬಡಿತ ನಿಮಿಷಕ್ಕೆ 184. ತೊಡೆಯ ನಾಡಿ ಕೈಗೆ ಸಿಕ್ಕೂ ಸಿಗದಷ್ಟು ಕ್ಷೀಣ. ವಸಡು ಒತ್ತಿ ಬಿಟ್ಟರೆ ಬಣ್ಣ ಮರಳಲು ಮೂರು ಸೆಕೆಂಡಿಗೂ ಹೆಚ್ಚು. ಆರೋಗ್ಯವಂತ ನಾಯಿಯಲ್ಲಿ ಎರಡು ಸೆಕೆಂಡಿನೊಳಗೆ ಮರಳಬೇಕು. ಮೈ ತಣ್ಣಗೆ, ಉಷ್ಣಾಂಶ 37.2 ಡಿಗ್ರಿ ಸೆಲ್ಸಿಯಸ್, ನಾಯಿಗೆ ಅದು ಕಡಿಮೆ. ಸರಿಯಾಗಿ ರಕ್ತ ಸಿಗದ ಅಂಗಗಳಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ 7.2. ಈ ಅಂಕಿ 6ಕ್ಕಿಂತ ಕೆಳಗಿದ್ದ ನಾಯಿಗಳು ಹೆಚ್ಚಿನಂಶ ಬದುಕುತ್ತವೆ. ಮೇಲಿದ್ದರೆ ಜಠರದ ಗೋಡೆ ಸತ್ತಿರುವ ಸಂಭವ ಹೆಚ್ಚು. ಆದರೆ ಮೊದಲ ಅಂಕಿ ನೋಡಿ ಕೈಚೆಲ್ಲುವುದು ತಪ್ಪು. ಚಿಕಿತ್ಸೆ ಕೊಟ್ಟ ಮೇಲೆ ಅದು ಇಳಿಯುತ್ತದೋ ಇಲ್ಲವೋ ಅನ್ನುವುದು ಅದಕ್ಕಿಂತ ಮುಖ್ಯ.

ಎರಡೂ ಮುಂಗಾಲಿಗೆ ದಪ್ಪ ಕ್ಯಾನುಲಾ ಹಾಕಿದೆವು. ಹಿಂಗಾಲಿಗೆ ಡ್ರಿಪ್ ಹಾಕಿದರೆ ಉಪಯೋಗವಿಲ್ಲ, ದಾರಿಯಲ್ಲಿರುವ ರಕ್ತನಾಳವೇ ಅದುಮಿಕೊಂಡಿದೆ. ರಕ್ತಸಂಚಾರ ಕುಸಿದ ಆಘಾತಕ್ಕೆ ಕೊಡುವ ಡ್ರಿಪ್ಪಿನ ಪೂರ್ಣ ಪ್ರಮಾಣ ಕೆ.ಜಿ.ಗೆ 90 ಮಿ.ಲೀ., ರಾಜನ ತೂಕಕ್ಕೆ 5 ಲೀಟರು. ಅದರ ಕಾಲು ಭಾಗವನ್ನು, ಅಂದರೆ ಒಂದೂಕಾಲು ಲೀಟರ್ ರಿಂಗರ್ ಲ್ಯಾಕ್ಟೇಟನ್ನು, ಹದಿನೈದು ನಿಮಿಷದಲ್ಲಿ ಬಾಟಲಿ ಹಿಂಡಿ ಹಿಂಡಿ ಹರಿಸಿದೆವು. ಜೊತೆಯಲ್ಲೇ ಗಾಳಿ ತೆಗೆಯುವ ಕೆಲಸ. ಬಲ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದೆ, ಟೊಳ್ಳು ಸದ್ದು ಎಲ್ಲಕ್ಕಿಂತ ಜೋರಾಗಿದ್ದ ಜಾಗ ಬೋಳಿಸಿ, ಒರೆಸಿ, 14 ಗೇಜಿನ ಸೂಜಿ ಇಳಿಸಿದೆ. ಸದ್ದು ಮಂದವಾಗಿರುವ ಕಡೆ ಚುಚ್ಚಿದರೆ ಗುಲ್ಮಕ್ಕೆ ತಗಲುತ್ತದೆ. ಸೂಜಿ ಒಳಗೆ ಹೋದದ್ದೇ ಹುಳಿ ನಾತದ ಗಾಳಿ ಸುಯ್ಯೆಂದು ಹೊರಬಂತು. ರಾಜ ಒಂದು ದೀರ್ಘ ಉಸಿರು ಎಳೆದುಕೊಂಡ. ತೊಡೆಯ ನಾಡಿ ಬೆರಳಿಗೆ ಸಿಕ್ಕಿತು.

ಆ ಹೊತ್ತಿನಲ್ಲಿ ನಾಯಿ ತಲೆ ಎತ್ತಿ ನೋಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಮನೆಯವರಿಗೆ ಗುಣವಾಯಿತು ಅನ್ನಿಸುತ್ತದೆ. "ಸದ್ಯ, ಗಾಳಿ ಹೋಯ್ತಲ್ಲ, ಆಪರೇಷನ್ ಬೇಕಾಗುತ್ತಾ ಡಾಕ್ಟ್ರೇ?" ಅಂತ ರಾಜನ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾಯಿಯನ್ನು ಬಲ ಮಗ್ಗುಲಿಗೆ ಮಲಗಿಸಿ ಎಕ್ಸ್‌ರೇ ತೆಗೆದು ಅವರಿಗೂ ತೋರಿಸಿದೆವು. ಜಠರ ಒಂದೇ ಚೀಲವಾಗಿ ಕಾಣುವ ಬದಲು ನಡುವೆ ಬಿಳಿ ಮಡಿಕೆ ಬಿದ್ದು ಎರಡು ಕೋಣೆಯಾಗಿ ಕಾಣುತ್ತಿತ್ತು. ಹೊರಳಿದೆ ಅನ್ನುವುದಕ್ಕೆ ಅದೇ ಗುರುತು. ಗಾಳಿ ತೆಗೆದರೂ ತಿರುಚು ಹಾಗೇ ಇದೆ, ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ತುಂಬುತ್ತದೆ. ಆಪರೇಷನ್ ಮಾಡಿದರೆ ಹತ್ತರಲ್ಲಿ ಏಳೆಂಟು ನಾಯಿ ಉಳಿಯುತ್ತವೆ, ಮಾಡದಿದ್ದರೆ ಉಳಿಯುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ಬೇಡ ಅನ್ನುವುದಾದರೆ ನರಳದ ಹಾಗೆ ಕಳಿಸಿಕೊಡಬೇಕಾಗುತ್ತದೆ ಅಂತ ಬಿಚ್ಚಿ ಹೇಳಿದೆ. ಖರ್ಚನ್ನೂ ಹೇಳಿದೆ, ಅದು ಕಡಿಮೆಯದಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾಡಿ ಅಂದರು.

ಎರಡನೇ ಬಾರಿ ನೋಡಿದಾಗ ಲ್ಯಾಕ್ಟೇಟ್ 3.8ಕ್ಕೆ ಇಳಿದಿತ್ತು. ನಮಗೆ ಧೈರ್ಯ ಬಂದದ್ದು ಆಗ.

ನಮ್ಮಲ್ಲಿ ನಾಯಿಗೆ ಮಂಪರು ಕೊಡಲು ಕೈಗೆ ಮೊದಲು ಸಿಗುವುದು ಜೈಲಜೀನ್. ಇಂಥ ನಾಯಿಗೆ ಅದನ್ನು ಮುಟ್ಟಬಾರದು. ಅದು ಹೃದಯದ ಬಡಿತ ತಗ್ಗಿಸುತ್ತದೆ, ವಾಂತಿ ಬರಿಸುತ್ತದೆ, ದೊಡ್ಡ ನಾಯಿಗಳಲ್ಲಿ ತಾನೇ ಹೊಟ್ಟೆ ಉಬ್ಬಿಸುತ್ತದೆ. ಬ್ಯುಟಾರ್ಫನಾಲ್, ಮಿಡಜೋಲಾಮ್, ಸ್ವಲ್ಪವೇ ಪ್ರೊಪೊಫಾಲ್ ಕೊಟ್ಟು, ನಳಿಕೆ ಇಳಿಸಿ, ಐಸೊಫ್ಲುರೇನ್‌ನಲ್ಲಿ ಇಟ್ಟೆವು. ಹೊಟ್ಟೆಯ ನಡುಗೆರೆ ತೆರೆದ ಕೂಡಲೇ ಕಂಡದ್ದು ಜಠರವಲ್ಲ, ಅದರ ಮೇಲೆ ಹೊದಿಕೆಯಂತೆ ಬಿದ್ದಿದ್ದ ಕೊಬ್ಬಿನ ಪೊರೆ. ಪ್ರದಕ್ಷಿಣೆಯಾಗಿ ಹೊರಳಿದಾಗ ಹಾಗೆ ಕಾಣುತ್ತದೆ. ಸಹೋದ್ಯೋಗಿ ಬಲಗೈಯಿಂದ ಕೆಳಬಾಯಿಯ ತುದಿಯನ್ನು ಹಿಡಿದೆತ್ತಿ, ಇನ್ನೊಂದು ಕೈಯಿಂದ ದೊಡ್ಡ ಭಾಗವನ್ನು ಕೆಳಕ್ಕೆ ಒತ್ತಿ ತಿರುವನ್ನು ಬಿಡಿಸಿದರು. ನಾನು ಬಾಯಿಂದ ಜಠರದ ಕೊಳವೆ ಇಳಿಸಿದೆ, ಈಗ ಅದು ತಡೆಯಿಲ್ಲದೆ ಇಳಿಯಿತು. ಅಗಿಯದೆ ನುಂಗಿದ ಅನ್ನ, ಕಂದು ನೀರು ಬಕೆಟ್ಟಿಗೆ ಬಂತು.

ಜಠರದ ಹೊರಬಾಗಿನ ಮೇಲೆ ಅಂಗೈ ಅಗಲದ ನೇರಳೆ ಬಣ್ಣದ ಜಾಗ ಇತ್ತು. ಆ ಜಾಗ ಬೂದು ಅಥವಾ ಕಪ್ಪಾಗಿದ್ದು, ಮುಟ್ಟಿದರೆ ತೆಳ್ಳಗೆ ಇದ್ದರೆ ಕತ್ತರಿಸಿ ತೆಗೆಯಬೇಕು, ಆಗ ಬದುಕುವ ಅವಕಾಶವೂ ತಗ್ಗುತ್ತದೆ. ಹತ್ತು ನಿಮಿಷ ಕಾದೆವು. ನೇರಳೆ ಕೆಂಪಾಯಿತು, ಕೆಂಪು ಮಾಸಲು ಗುಲಾಬಿಗೆ ತಿರುಗಿತು. ಗುಲ್ಮ ಊದಿಕೊಂಡಿತ್ತು, ಆದರೆ ಅದರ ನಾಳಗಳಲ್ಲಿ ಮಿಡಿತ ಇತ್ತು, ಹಾಗೇ ಬಿಟ್ಟೆವು.

ಕೊನೆಗೆ ಮಾಡಿದ್ದು ಗ್ಯಾಸ್ಟ್ರೋಪೆಕ್ಸಿ, ಅಂದರೆ ಜಠರವನ್ನು ಹೊಟ್ಟೆಯ ಗೋಡೆಗೆ ಶಾಶ್ವತವಾಗಿ ಹೊಲಿದು ನಿಲ್ಲಿಸುವುದು. ಜಠರದ ಕೆಳತುದಿಯ ಬಳಿ ಹೊರಪದರ, ಸ್ನಾಯುಪದರ ಮಾತ್ರ ಸೀಳುವಂತೆ ನಾಲ್ಕೈದು ಸೆಂಟಿಮೀಟರ್ ಗಾಯ. ಅಷ್ಟೇ ಉದ್ದದ ಇನ್ನೊಂದು ಗಾಯ ಬಲಗಡೆಯ ಒಳಗೋಡೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದೆ. ಎರಡರ ಅಂಚನ್ನೂ ಸೇರಿಸಿ ಹೊಲಿದರೆ ಕೆಲವು ವಾರದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ತಿರುಚು ಬಿಡಿಸಿ ಇದನ್ನು ಮಾಡದೆ ಮುಚ್ಚಿದರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಮರುಕಳಿಸುತ್ತದೆ. ಮಾಡಿದರೆ ಮರುಕಳಿಸುವುದು ನೂರರಲ್ಲಿ ಐದಕ್ಕಿಂತ ಕಡಿಮೆ. ಕಾಲು ಗಂಟೆಯ ಈ ಹೊಲಿಗೆಯನ್ನು ಯಾವ ಕಾರಣಕ್ಕೂ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಪರೇಷನ್ ಮುಗಿದ ಮೇಲೂ ಈ ರೋಗ ಬಿಡುವುದಿಲ್ಲ. ಮರುದಿನ ಮಧ್ಯಾಹ್ನ ರಾಜ ಎದ್ದು ಕೂತಿದ್ದ, ಮನೆಯವರ ದನಿಗೆ ಕಿವಿ ನಿಮಿರಿಸುತ್ತಿದ್ದ. ಆದರೆ ಎದೆಗೆ ಸ್ಟೆತಾಸ್ಕೋಪು, ತೊಡೆಗೆ ಬೆರಳು ಒಟ್ಟಿಗೆ ಇಟ್ಟಾಗ ಹೃದಯದ ಕೆಲವು ಬಡಿತಗಳಿಗೆ ನಾಡಿ ಬರುತ್ತಿರಲಿಲ್ಲ. ಇಸಿಜಿಯಲ್ಲಿ ಅಕಾಲದ ಅಗಲವಾದ ಬಡಿತಗಳು ಸಾಲಾಗಿ ಕಂಡವು. ರಕ್ತ ಸಿಗದೆ ಬಳಲಿದ ಅಂಗಗಳಿಂದ ತಿರುಚು ಬಿಚ್ಚಿದ ಮೇಲೆ ಹೊರಬರುವ ವಿಷವಸ್ತುಗಳು ಹೃದಯವನ್ನು ಹೀಗೆ ಕೆಣಕುತ್ತವೆ. ಮೊದಲ ಮೂರು ದಿನ ಈ ಭಯ ಇದ್ದೇ ಇರುತ್ತದೆ. ಪೊಟ್ಯಾಸಿಯಂ ಕಡಿಮೆ ಇತ್ತು, ಡ್ರಿಪ್ಪಿನಲ್ಲಿ ಸೇರಿಸಿದೆವು. ಅಡ್ರಿನಾಲಿನ್ ಬೆರೆಸದ ಲಿಗ್ನೋಕೇನನ್ನು ಕೆ.ಜಿ.ಗೆ 2 ಮಿ.ಗ್ರಾಂ. ಲೆಕ್ಕದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು, ಆಮೇಲೆ ಡ್ರಿಪ್ಪಿನಲ್ಲಿ ಮುಂದುವರಿಸಿದೆವು. ಮೂರನೇ ದಿನದ ಹೊತ್ತಿಗೆ ಬಡಿತ ಸರಿಹೋಯಿತು. ಅಷ್ಟರಲ್ಲಿ ಮೊಸರನ್ನ ನಾಲ್ಕು ಚಮಚದಂತೆ ಶುರು ಮಾಡಿದ್ದೆವು. ಹೆಚ್ಚು ಕೊಡಿ ಅಂತ ಅವನು ಬೇಸಿನ್ ನೆಕ್ಕುತ್ತಿದ್ದುದೇ ನಮಗೆ ಒಳ್ಳೆಯ ವರದಿ.

ಡಿಸ್ಚಾರ್ಜ್ ದಿನ ಮಾತಾಡುವಾಗ ಮನೆಯೊಡತಿ ಒಂದು ವಿಷಯ ಹೇಳಿದರು. ರಾಜನ ತಾಯಿಯೂ ಇವರ ಮನೆಯದೇ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಹೀಗೇ ಓಕರಿಸಿ, ನೊರೆ ಕಾರಿ, ಬೆಳಗಾಗುವುದರೊಳಗೆ ಸತ್ತಿತ್ತು. ಹೊಟ್ಟೆ ಊದಿಕೊಂಡಿತ್ತು. ಪಕ್ಕದ ತೋಟದವರೇ ವಿಷ ಹಾಕಿದರು ಅಂತ ನಂಬಿ ಆ ಮನೆಯ ಜೊತೆ ಮಾತು ಬಿಟ್ಟಿದ್ದರು. ಸತ್ತ ನಾಯಿಯ ಹೊಟ್ಟೆ ಯಾರೂ ಕೊಯ್ದು ನೋಡಿರಲಿಲ್ಲ, ಹಾಗಾಗಿ ನಾನು ಖಚಿತವಾಗಿ ಏನನ್ನೂ ಹೇಳಲಾರೆ. ಆದರೆ ತಾಯಿ, ತಂದೆ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಆ ನಾಯಿಗೆ ಅಪಾಯ ಹೆಚ್ಚು ಅನ್ನುವುದು ಸಾಬೀತಾದ ಸಂಗತಿ ಅಂತ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ರಾತ್ರಿ ಬೆಳಗಾಗುವುದರಲ್ಲಿ ಸತ್ತ ದೊಡ್ಡ ನಾಯಿ ಅಂದರೆ ವಿಷವೇ ಅಂತ ಊರಲ್ಲಿ ತೀರ್ಮಾನವಾಗಿಬಿಡುತ್ತದೆ. ದಯವಿಟ್ಟು ಮರಣೋತ್ತರ ಪರೀಕ್ಷೆ ಮಾಡಿಸಿ. ಅದರಿಂದ ಆ ನಾಯಿಯ ಮರಿಗಳು ಉಳಿಯುತ್ತವೆ.

ರಾಜನ ಪ್ರಕರಣದಲ್ಲಿ ಅಪಾಯದ ಕಾರಣ ಒಂದಲ್ಲ, ಹಲವು ಒಟ್ಟಿಗೆ ಕೂಡಿದ್ದವು. ತಳಿ, ವಯಸ್ಸು, ತಾಯಿಯ ಕಡೆಯ ಸಂಶಯ, ಪುಕ್ಕಲು ಸ್ವಭಾವ, ದಿನಕ್ಕೊಂದೇ ಊಟ, ಗಬಗಬ ತಿನ್ನುವುದು, ಪಟಾಕಿಯ ಹೆದರಿಕೆ, ಮತ್ತೆ ಆ ಸ್ಟ್ಯಾಂಡು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1,600ಕ್ಕೂ ಹೆಚ್ಚು ದೊಡ್ಡ ತಳಿ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದಲ್ಲಿಟ್ಟ ಬಟ್ಟಲಿನಿಂದ ತಿನ್ನುವ ನಾಯಿಗಳಿಗೆ ಅಪಾಯ ಹೆಚ್ಚೇ ಕಂಡಿತು. ಅದಕ್ಕೂ ಮೊದಲು ಸ್ಟ್ಯಾಂಡ್ ಒಳ್ಳೆಯದು ಅಂತಲೇ ಸಲಹೆ ಕೊಡುತ್ತಿದ್ದರು, ಆ ಹಳೆಯ ಮಾತು ಇನ್ನೂ ಓಡಾಡುತ್ತಿದೆ. ಬೆನ್ನುಮೂಳೆಯದೋ ಅನ್ನನಾಳದ್ದೋ ತೊಂದರೆ ಇದ್ದು ವೈದ್ಯರೇ ಹೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಬೇಸಿನ್ ನೆಲದ ಮೇಲಿರಲಿ.

ಊಟವನ್ನು ಮೂರು ಹೊತ್ತಿಗೆ ಹಂಚಿಸಿದೆ. ಬೇಸಿನ್ ನಡುವೆ ಬಾಯಿಗೆ ಹಿಡಿಸದಷ್ಟು ದೊಡ್ಡ ನುಣುಪು ಕಲ್ಲು ಇಟ್ಟರೆ ಸುತ್ತ ಸುತ್ತ ತಿನ್ನಬೇಕಾಗಿ ವೇಗ ತಗ್ಗುತ್ತದೆ. ಊಟದ ಹಿಂದೆ ಮುಂದೆ ಓಟ ಆಟ ಬೇಡ ಅನ್ನುವ ಸಲಹೆಗೆ ಗಟ್ಟಿ ಆಧಾರ ಕಡಿಮೆ. ಆದರೂ ಅದನ್ನು ಪಾಲಿಸಿ ಕಳೆದುಕೊಳ್ಳುವುದು ಏನೂ ಇಲ್ಲವಾದ್ದರಿಂದ ಅದನ್ನೂ ಹೇಳಿದೆ. ಪಟಾಕಿ ಹಬ್ಬದಲ್ಲಿ ಗೂಡು ಬೇಡ, ಮನೆಯೊಳಗಿನ ಕೋಣೆಯಲ್ಲಿ ಗುರುತಿನವರ ಜೊತೆ ಇರಲಿ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದ ತಡೆಗಟ್ಟುವ ಕ್ರಮ ಎಂದರೆ ರೋಗ ಬರುವ ಮೊದಲೇ ಮಾಡುವ ಗ್ಯಾಸ್ಟ್ರೋಪೆಕ್ಸಿ. ಗ್ರೇಟ್ ಡೇನ್‌ಗೆ ಜೀವಮಾನದಲ್ಲಿ ಈ ರೋಗ ಬರುವ ಸಂಭವ ನೂರಕ್ಕೆ ಸುಮಾರು 37, ರಾಟ್‌ವೈಲರ್‌ಗೆ ಸುಮಾರು 4 ಎಂದು 2003ರ ಇನ್ನೊಂದು ಲೆಕ್ಕಾಚಾರ ಹೇಳುತ್ತದೆ. ಮೂರರಲ್ಲಿ ಒಂದು ನಾಯಿಗೆ ಬರುವಂಥದ್ದನ್ನು ಕಾದು ನೋಡುವುದರಲ್ಲಿ ಅರ್ಥವಿಲ್ಲ. ಹೆಣ್ಣಾದರೆ ಸಂತಾನಹರಣದ ಸಮಯದಲ್ಲೇ, ಅದೇ ಅರಿವಳಿಕೆಯಲ್ಲಿ ಮಾಡಿ ಮುಗಿಸಬಹುದು. ರಾಜನಿಗೆ ಹುಟ್ಟಿದ ಎರಡು ಹೆಣ್ಣು ಮರಿಗಳು ಮೂಡಿಗೆರೆ ಕಡೆಯ ತೋಟಗಳಲ್ಲಿದ್ದವು. ಅವುಗಳ ಮನೆಗೆ ರಾಜನ ಯಜಮಾನರೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಒಬ್ಬರು ಒಪ್ಪಿ ಮಾಡಿಸಿದರು. ಇನ್ನೊಬ್ಬರು ಚೆನ್ನಾಗಿರೋ ನಾಯಿ ಹೊಟ್ಟೆ ಯಾಕೆ ಕುಯ್ಯಿಸಲಿ ಅಂದರು. ಅವರಿಗೆ ಓಕರಿಕೆಯ ಗುರುತು, ವಸಡಿನ ಬಣ್ಣ, ರಾತ್ರಿ ಸಿಗುವ ವೈದ್ಯರ ನಂಬರು ಮೂರನ್ನೂ ಬರೆದು ಕಳಿಸಿದ್ದೇನೆ.

ಗ್ಯಾಸ್ಟ್ರೋಪೆಕ್ಸಿ ಗಾಳಿ ತುಂಬುವುದನ್ನು ತಡೆಯುವುದಿಲ್ಲ, ಹೊರಳುವುದನ್ನು ತಡೆಯುತ್ತದೆ. ಇದನ್ನು ರಾಜನೇ ತೋರಿಸಿಕೊಟ್ಟ. ಮಳೆ ಹಿಡಿಯುವ ಮುಂಚೆ, ಹಲಸಿನ ಹಣ್ಣು ಬೀಳುವ ಕಾಲದಲ್ಲಿ, ಮರದಡಿ ಒಡೆದು ಬಿದ್ದ ಹಣ್ಣನ್ನು ಬೀಜ ಸಮೇತ ತಿಂದು ಹೊಟ್ಟೆ ಉಬ್ಬಿಸಿಕೊಂಡ. ಈ ಸಲ ರೈಟ್ರು ಎಣ್ಣೆಗೆ ಹೋಗಲಿಲ್ಲ. ನೇರ ವಸಡು ನೋಡಿ "ಕೆಂಪಗಿದೆ ಸಾರ್, ಆದ್ರೂ ಹೊರಟಿದೀವಿ" ಅಂತ ಫೋನ್ ಮಾಡಿ ಜೀಪು ಹತ್ತಿದ್ದರು. ಎಕ್ಸ್‌ರೇಯಲ್ಲಿ ಜಠರ ಗಾಳಿ ತುಂಬಿ ದೊಡ್ಡದಾಗಿತ್ತು, ಆದರೆ ಒಂದೇ ಕೋಣೆ, ತನ್ನ ಜಾಗದಲ್ಲೇ. ಕೊಳವೆ ಇಳಿಸಿ ಗಾಳಿ ತೆಗೆದೆವು. ಅವತ್ತೇ ಸಂಜೆ ಅವನನ್ನು ಮನೆಗೆ ಕಳಿಸಿದೆವು.